ಚಕ್-ಚಕ್ ಸದ್ದು ಬೇಕಾ? ಹಾಗಾದ್ರೆ ಮೊದಲು ಯಾವ ಗನ್ ಅಂತ ಹೇಳಿ

ಹೋದ ತಿಂಗಳು ಗೋರೆಗಾಂವ್‌ನ ನಮ್ಮ ಗೋದಾಮಿಗೆ ಒಬ್ಬ ಹುಡುಗ ಬಂದಿದ್ದ. ಕುಂದಾಪುರ ಕಡೆಯವನು. ವಾರವಿಡೀ ಅಂಧೇರಿಯಲ್ಲಿ ಎಡಿಟಿಂಗ್ ಕೆಲಸ, ರಜೆ ಸಿಕ್ಕಿದರೆ ಕನ್ನಡ ಕಿರುಚಿತ್ರ. ನಾನು ಸಿನಿಮಾ, ಸೀರಿಯಲ್ಲಿಗೆ ಪ್ರಾಪರ್ಟಿ ಬಾಡಿಗೆಗೆ ಕೊಡುವವನು. ಹಳೇ ಫೋನು, ಟ್ರಂಕು, ಮೇಜು, ಜೊತೆಗೆ ಒಂದು ಕಪಾಟು ತುಂಬ ಡಮ್ಮಿ ಗನ್ನುಗಳು.

"ಅಣ್ಣ, ಹೀರೋಗೆ ಒಂದು ಶಾಟ್‌ಗನ್ ಬೇಕು. ಬೆನೆಲ್ಲಿ ಎಂ4. ಗೇಮಲ್ಲಿ ಅದೇ ಇಟ್ಕೊಂಡು ಆಡ್ತೇನೆ, ಮಸ್ತ್ ಉಂಟು."

"ಸೀನ್ ಏನು?"

"ಬಾಗಿಲು ಒದ್ದು ಒಳಗೆ ಬರ್ತಾನೆ. ಚಕ್-ಚಕ್. ಢಂ. ಮತ್ತೆ ಚಕ್-ಚಕ್. ಢಂ."

"ಮಾರಾಯ, ಆ ಗನ್ನಿಗೆ ಚಕ್-ಚಕ್ ಇಲ್ಲ."

ಅವನ ಮುಖ ನೋಡಬೇಕಿತ್ತು. ಆದರೆ ತಪ್ಪು ಅವನದ್ದಲ್ಲ. ದೊಡ್ಡ ದೊಡ್ಡ ಸೆಟ್ಟುಗಳಲ್ಲೂ ಇದೇ ಕಥೆ. ಕೈಯಲ್ಲಿ ಒಂದು ಗನ್, ಸ್ಪೀಕರಲ್ಲಿ ಇನ್ನೊಂದರ ಸದ್ದು. ಅವನಿಗೆ ಎರಡು ತಾಸು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಿರುಚಿತ್ರ, ವೆಬ್ ಸೀರೀಸ್, ಸಂಘದ ನಾಟಕ ಮಾಡುವವರಿಗೆ ಉಪಯೋಗ ಆಗಬಹುದು. ನಾನು ಹೇಳುವುದೆಲ್ಲ ಡಮ್ಮಿಯ ವಿಷಯ. ನಮ್ಮ ಕಪಾಟಿನಲ್ಲಿರುವುದು ರಬ್ಬರು, ಫೈಬರು. ಗುಂಡು ಹಾರುವ ಯಾವುದೂ ಇಲ್ಲ, ಇಡುವುದೂ ಇಲ್ಲ.

ನಮ್ಮ ಊರ ಕಡೆಯವರಿಗೆ ಶಾಟ್‌ಗನ್ ಹೊಸತಲ್ಲ. ಅಜ್ಜನ ಕಾಲದ ತೋಟೆ ಕೋವಿ ಅಂದರೆ ಅದೇ. ಜೋಡಿ ನಳಿಗೆ, ನಡುವೆ ಮುರಿದು ಹಿಂದಿನಿಂದ ಎರಡು ತೋಟೆ ಹಾಕಿ ಮುಚ್ಚುವುದು. ಹಂದಿ ಓಡಿಸಲು ತೋಟದ ಮನೆಗಳಲ್ಲಿ ಇಟ್ಟಿರುತ್ತಾರೆ. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುವ ರಗಳೆಯೂ ಗೊತ್ತಿರುವುದೇ. ಮುಂಬೈಯಲ್ಲಿ ಎಟಿಎಂಗೆ ದುಡ್ಡು ತುಂಬಿಸಲು ವ್ಯಾನ್ ಬಂದಾಗ ಗಾರ್ಡ್ ಹೆಗಲಲ್ಲಿ ನೋಡುತ್ತೀರಲ್ಲ, ಅದೂ ಹೆಚ್ಚಾಗಿ ಇದೇ ಜಾತಿ. 12 ಬೋರ್. ನಳಿಗೆಯ ಅಳತೆಯ ದುಂಡನೆ ಸೀಸದ ಗುಂಡು 12 ಸೇರಿದರೆ ಒಂದು ಪೌಂಡ್ ತೂಗುತ್ತದೆ. ಅದಕ್ಕೇ 12 ಬೋರ್. ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ತೋಟೆಯೊಳಗೆ ಒಂದೇ ಗುಂಡಿನ ಬದಲು ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳು ಇರುತ್ತವೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆಲ್ಲ ಸುಲಭ.

ಜೋಡಿ ನಳಿಗೆಯ ತೊಂದರೆ ಏನು? ಎರಡೇ ಈಡು. ಆಮೇಲೆ ಮುರಿದು, ತೆಗೆದು, ತುಂಬಬೇಕು. ಅದಕ್ಕೆ ಪರಿಹಾರವಾಗಿ ಎರಡು ದಾರಿ ಬಂದವು. ಒಂದು ಪಂಪ್, ಇನ್ನೊಂದು ಸೆಮಿ-ಆಟೋಮ್ಯಾಟಿಕ್. ಎರಡರಲ್ಲೂ ಸಾಮಾನ್ಯವಾಗಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ, ತೋಟೆಗಳು ಅದರೊಳಗೆ ಸಾಲಾಗಿ ಮಲಗಿರುತ್ತವೆ. ಹಾಗಾಗಿ ದೂರದಿಂದ ಎರಡೂ ಅಣ್ಣ-ತಮ್ಮನಂತೆ ಕಾಣುತ್ತವೆ.

ವ್ಯತ್ಯಾಸ ಎಡಗೈಯಲ್ಲಿದೆ. ಪಂಪಿನಲ್ಲಿ ಮುಂದಿನ ಹಿಡಿ ಹಿಂದೆ-ಮುಂದೆ ಜಾರುತ್ತದೆ. ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಒಳಗೆ. ಆ ಎರಡು ಚಲನೆಯದ್ದೇ ಚಕ್-ಚಕ್. ಪ್ರತಿ ಈಡಿಗೂ ಒಮ್ಮೆ ಮಾಡಲೇಬೇಕು. ಸೆಮಿ-ಆಟೋದಲ್ಲಿ ಈ ಕೆಲಸ ಗನ್ನೇ ಮಾಡಿಕೊಳ್ಳುತ್ತದೆ. ಟ್ರಿಗರ್ ಒತ್ತಿದಷ್ಟು ಸಲ ಒಂದೊಂದೇ ಈಡು, ನಡುವೆ ಕೈ ಅಲ್ಲಾಡುವುದಿಲ್ಲ. ಒತ್ತಿ ಹಿಡಿದರೆ ಸುರಿಮಳೆ ಆಗುವುದಿಲ್ಲ, ಅದು ಫುಲ್ ಆಟೋಮ್ಯಾಟಿಕ್, ಬೇರೆ ಲೆಕ್ಕ. ಈ 'ಸೆಮಿ' ಅನ್ನುವ ಪದ ಎಷ್ಟು ಜನ ನುಂಗಿಬಿಡುತ್ತಾರೆ ಅಂದರೆ, ಒಬ್ಬ ಫೈಟ್ ಮಾಸ್ಟರ್ ನನ್ನ ಹತ್ತಿರ ಇದೇ ವಿಷಯಕ್ಕೆ ಇಡೀ ಊಟದ ಹೊತ್ತು ಜಗಳ ಆಡಿದ್ದರು.

ಕಪಾಟಿನಲ್ಲಿ ಇರುವುದನ್ನು ಒಂದೊಂದಾಗಿ ತೆಗೆಯೋಣ.

ಬೆನೆಲ್ಲಿ ಎಂ4. ಹುಡುಗ ಕೇಳಿದ್ದು ಇದೇ, ಎಲ್ಲರೂ ಕೇಳುವುದೂ ಇದೇ. ಇಟಲಿಯ ಉರ್ಬಿನೋ ಊರಿನ ಕಂಪನಿ. 1998ರಲ್ಲಿ ಅಮೆರಿಕದ ಸೈನ್ಯ ತನಗೊಂದು ಹೊಸ ಸೆಮಿ-ಆಟೋ ಕಾಂಬ್ಯಾಟ್ ಶಾಟ್‌ಗನ್ ಬೇಕು ಅಂತ ಕೇಳಿತು. ಬೆನೆಲ್ಲಿ ಇದನ್ನು ಮಾಡಿಕೊಟ್ಟಿತು. 1999ರಲ್ಲಿ ಅಲ್ಲಿನ ಮರೀನ್ ಪಡೆಯ ಕೈಗೆ ಬಂತು. ಅವರಿಟ್ಟ ಹೆಸರು ಎಂ1014. ಖಾಲಿ ತೂಕ 3.8 ಕಿಲೋ, ನಳಿಗೆ 18.5 ಇಂಚು, ಭುಜಕ್ಕೆ ಒತ್ತುವ ಬಟ್ ಒಳಗೆ ತಳ್ಳಿದಾಗ ಒಟ್ಟು ಉದ್ದ 88 ಸೆಂಟಿಮೀಟರ್ ಚಿಲ್ಲರೆ. ಕೊಳವೆಯಲ್ಲಿ 7 ತೋಟೆ, ನಳಿಗೆಯಲ್ಲಿ 1.

ಇದರ ಹೊಟ್ಟೆಯೊಳಗಿನ ವಿಷಯ ಹೇಳಲೇಬೇಕು, ಯಾಕೆಂದರೆ ಈ ಗನ್ನಿನ ಜಾಣತನ ಇರುವುದೇ ಅಲ್ಲಿ. ತೋಟೆ ಸಿಡಿದಾಗ ಹುಟ್ಟುವ ಗ್ಯಾಸಿನಲ್ಲಿ ಸ್ವಲ್ಪ ಭಾಗ ನಳಿಗೆಯ ಸಣ್ಣ ತೂತುಗಳಿಂದ ಕೆಳಗೆ ಇಳಿಯುತ್ತದೆ. ಅಲ್ಲಿ ಪಕ್ಕಪಕ್ಕ ಎರಡು ಪುಟ್ಟ ಸ್ಟೀಲ್ ಪಿಸ್ಟನ್‌ಗಳಿವೆ. ಗ್ಯಾಸ್ ಅವುಗಳನ್ನು ಹಿಂದಕ್ಕೆ ತಳ್ಳುತ್ತದೆ, ಅವು ಬೋಲ್ಟಿನ, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಲೋಹದ ತುಂಡಿನ, ಗಾಡಿಯನ್ನು ನೇರವಾಗಿ ಗುದ್ದುತ್ತವೆ. ಗಾಡಿ ಹಿಂದೆ ಹೋಗುವಾಗ ಖಾಲಿ ತೋಟೆ ಹೊರಗೆ, ಸ್ಪ್ರಿಂಗ್ ಅದನ್ನು ಮುಂದೆ ತಳ್ಳುವಾಗ ಹೊಸದು ಒಳಗೆ. ನಡುವೆ ಉದ್ದನೆಯ ಸಲಾಕೆ ಇಲ್ಲ, ಗೋಜಲಿಲ್ಲ. ಪಿಸ್ಟನ್‌ಗಳು ತೋಟೆ ಕೂರುವ ಜಾಗದ ಸ್ವಲ್ಪ ಮುಂದೆಯೇ ಇವೆ. ಅಲ್ಲಿ ಗ್ಯಾಸ್ ಇನ್ನೂ ಬಿಸಿಯಾಗಿ, ಜೋರಾಗಿ ಇರುವುದರಿಂದ ಮಸಿ ಕಟ್ಟಿಕೊಳ್ಳುವುದು ಕಡಿಮೆ. ಗ್ಯಾಸ್ ಜಾಸ್ತಿಯಾದರೆ ಹೊರಗೆ ಬಿಡಲು ಕವಾಟ ಇದೆ. ನಮ್ಮ ಕುಕ್ಕರಿನ ವಿಶಲ್ ಇದ್ದ ಹಾಗೆ ಅಂದುಕೊಳ್ಳಿ. ಹಾಗಾಗಿ ಎರಡೂಮುಕ್ಕಾಲು ಇಂಚಿನ ತೋಟೆಯೂ ಸರಿ, ಮೂರು ಇಂಚಿನದ್ದೂ ಸರಿ, ಏನನ್ನೂ ತಿರುಗಿಸಬೇಕಾಗಿಲ್ಲ.

ತಮಾಷೆ ಏನೆಂದರೆ, ಬೆನೆಲ್ಲಿ ಹೆಸರು ಮಾಡಿದ್ದು ಗ್ಯಾಸೇ ಇಲ್ಲದ ಗನ್ನಿಂದ. ಅವರ ಹಳೇ ವಿದ್ಯೆಗೆ ಇನರ್ಷಿಯಾ ಅನ್ನುತ್ತಾರೆ. ಲೋಕಲ್ ಟ್ರೈನು ಜಗ್ ಅಂತ ಹೊರಟಾಗ ಬಾಗಿಲ ಹತ್ತಿರ ನಿಂತವನು ಹಿಂದಕ್ಕೆ ವಾಲುತ್ತಾನಲ್ಲ, ಅದೇ. ಈಡು ಹೊಡೆದಾಗ ಇಡೀ ಗನ್ ಹಿಂದಕ್ಕೆ ಒದೆಯುತ್ತದೆ. ಒಳಗಿನ ಭಾರದ ಬೋಲ್ಟ್ ಮಾತ್ರ ಕ್ಷಣಕಾಲ ನಿಂತಲ್ಲೇ ನಿಲ್ಲುತ್ತದೆ. ಇವೆರಡರ ನಡುವೆ ಒಂದು ಗಟ್ಟಿ ಸ್ಪ್ರಿಂಗ್ ಅಮುಕಿಕೊಂಡು, ಆಮೇಲೆ ಬಿಚ್ಚಿ ಬೋಲ್ಟನ್ನು ಹಿಂದೆ ಎಸೆಯುತ್ತದೆ. ಅಷ್ಟೇ. ತುಂಬ ಸರಳ, ಮಸಿ ಇಲ್ಲ. ಆದರೆ ಗನ್ ಚೆನ್ನಾಗಿ ಒದೆಯಬೇಕು. ಅದರ ಮೇಲೆ ಟಾರ್ಚು, ದುರ್ಬೀನು ಅಂತ ಭಾರ ಹೇರಿದರೆ ಒದೆತ ಕಡಿಮೆಯಾಗಿ ಕೈಕೊಡಬಹುದು. ಸೈನಿಕರ ಗನ್ ಮೇಲೆ ಹೇರುವುದು ಅದನ್ನೇ ಅಲ್ವಾ? ಎಂ4ಗೆ ಗ್ಯಾಸ್ ಬಂದದ್ದಕ್ಕೆ ಇದೂ ಒಂದು ಕಾರಣ. ಬೆನೆಲ್ಲಿಯ ಮೊದಲ ಗ್ಯಾಸ್ ಶಾಟ್‌ಗನ್ ಇದೇ.

ಕ್ಯಾಮೆರಾಗೆ ಇದರಲ್ಲಿ ಏನಿದೆ? ಮೇಲೆ ಉದ್ದಕ್ಕೆ ಹಲ್ಲುಹಲ್ಲಿನ ಪಟ್ಟಿ, ಹಿಂದೆ ಗುರಿ ಹಿಡಿಯಲು ದುಂಡನೆಯ ಬಳೆಯಂಥ ಕಿಂಡಿ, ಪಿಸ್ತೂಲಿನಂಥ ಹಿಡಿ. ಬಲಗಡೆ ಬೋಲ್ಟಿಗೆ ಅಂಟಿಕೊಂಡ ಒಂದು ಕೊಕ್ಕೆ. ಮೊದಲ ತೋಟೆ ಒಳಗೆ ಹೋಗಲು ಆ ಕೊಕ್ಕೆಯನ್ನು ಒಮ್ಮೆ ಎಳೆದು ಬಿಡಬೇಕು. ಆಮೇಲೆ ಕೊನೆಯ ಈಡಿನವರೆಗೂ ಎಡಗೈ ಸುಮ್ನೆ ಇರಬೇಕು. ಕೊನೆಯದ್ದು ಹಾರಿದ ಮೇಲೆ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ, ಖಾಲಿ ತೋಟೆ ಹೊರಬೀಳುವ ಬಲಗಡೆಯ ಕಿಟಕಿ ತೆರೆದೇ ಇರುತ್ತದೆ. ಜಾಣ ನಿರ್ದೇಶಕ ಇದೊಂದನ್ನು ಕ್ಲೋಸಪ್ ಹಾಕಿದರೆ 'ಗುಂಡು ಮುಗಿಯಿತು' ಅಂತ ಡೈಲಾಗೇ ಬೇಡ.

ಫ್ರಾಂಕಿ ಸ್ಪಾಸ್-12. ಇದೂ ಇಟಲಿಯದ್ದೇ, ಬ್ರೆಶ್ಯಾ ಕಡೆಯದ್ದು. 1979ರಿಂದ 2000ದವರೆಗೆ ತಯಾರಾಯಿತು. ಹಾಲಿವುಡ್ಡಿನ ಎಂಬತ್ತು, ತೊಂಬತ್ತರ ದಶಕದ ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುತ್ತದೆ. ಕಪ್ಪು ಬಣ್ಣ, ನಳಿಗೆಯ ಮೇಲೆ ತೂತು ತೂತಿನ ತಗಡು, ಮಡಚಿ ಮೇಲೆ ಕೂರಿಸುವ ಲೋಹದ ಬಟ್, ಅದರ ತುದಿಯಲ್ಲೊಂದು ಕೊಕ್ಕೆ. ಆ ಕೊಕ್ಕೆ ಮುಂಗೈ ಕೆಳಗೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಹೊಡೆಯಬಹುದು ಅನ್ನುವುದು ಯೋಚನೆ. ಒಂದೇ ಕೈಯಲ್ಲಿ 4.4 ಕಿಲೋ ಹಿಡಿದು ಹೊಡೆಯುವವನಿಗೆ ನನ್ನದೊಂದು ನಮಸ್ಕಾರ.

ಇದರ ವಿಶೇಷ ಬೇರೆ. ಇದು ಎರಡೂ ಹೌದು. ಮುಂದಿನ ಹಿಡಿಯಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿಯನ್ನು ಸರಿಸಿದರೆ ಸೆಮಿ-ಆಟೋ ಇದ್ದದ್ದು ಪಂಪ್ ಆಗುತ್ತದೆ. ಯಾಕೆ ಹೀಗೆ? ಅಶ್ರುವಾಯು, ರಬ್ಬರ್ ಗುಂಡಿನಂಥ ತೋಟೆಗಳಲ್ಲಿ ಮದ್ದು ಕಡಿಮೆ. ಆ ಕಸುವಿಗೆ ಸೆಮಿ-ಆಟೋ ತಾನಾಗಿ ಓಡುವುದಿಲ್ಲ, ಕೈಯಲ್ಲೇ ಎಳೆಯಬೇಕು. ಪೊಲೀಸರಿಗೆ ಎರಡೂ ಬೇಕಿತ್ತು, ಕೊಟ್ಟರು. ಬೆನೆಲ್ಲಿಯವರು 1989ರಲ್ಲಿ ತಂದ ಎಂ3 ಕೂಡ ಇದೇ ಥರ ಎರಡು ತೋಣಿಯ ಮೇಲೆ ಕಾಲಿಟ್ಟದ್ದು. ಅದು ಇನ್ನೂ ಹಗುರ, ಇನ್ನೂ ಸಪೂರ. ಚೆಂದದಲ್ಲಿ ಮಾತ್ರ ಸ್ಪಾಸ್ ಮುಂದೆ ನಿಲ್ಲುವುದಿಲ್ಲ. ಸ್ಪಾಸ್‌ನ ಮೊದಲ ಮಾದರಿಗಳ ಸೇಫ್ಟಿ ಕೆಟ್ಟದ್ದಿತ್ತು. ಸೇಫ್ಟಿ ಸರಿಸಿದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಿಬಿಡುವ ಅಪಾಯ. ಕಂಪನಿ ವಾಪಸ್ ಕರೆಸಿ ಬದಲಾಯಿಸಬೇಕಾಯಿತು. ಡಮ್ಮಿಯಲ್ಲಿ ನಮಗೆ ಆ ಚಿಂತೆ ಇಲ್ಲ ಬಿಡಿ.

ಚಕ್-ಚಕ್ ಬಿಡಲು ಮನಸ್ಸಿಲ್ಲ, ಸೆಮಿ-ಆಟೋದ ಗತ್ತೂ ಬೇಕು ಅನ್ನುವ ನಿರ್ದೇಶಕರಿಗೆ ನಾನು ಸ್ಪಾಸ್ ಕೊಟ್ಟು ಕಳಿಸುತ್ತೇನೆ. ಸೀನಿನ ಮೊದಲರ್ಧ ಪಂಪ್, ಮೈಮೇಲೆ ಬಂದಾಗ ಗುಂಡಿ ಒತ್ತಿ ಸೆಮಿ. ಆ ಬದಲಾವಣೆಯನ್ನೇ ಒಂದು ಶಾಟ್ ಮಾಡಬಹುದು.

ಸೈಗಾ-12 ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಷ್ಯಾದ ಇಝೆವ್ಸ್ಕ್‌ನದ್ದು, ಕಲಾಶ್ನಿಕೋವ್ ರೈಫಲಿನ ಮೈಗೆ 12 ಬೋರ್ ನಳಿಗೆ ಹಾಕಿದ ಹಾಗೆ. ಕೊಳವೆ ಇಲ್ಲ, ಕೆಳಗಿನಿಂದ ಡಬ್ಬಿಯಂಥ ಮ್ಯಾಗಜೀನ್ ಸಿಕ್ಕಿಸುವುದು. ತುಂಬುವುದು ಬೇಗ. ಆದರೆ ತೆರೆಯ ಮೇಲೆ ನೋಡುವವರು ಅದನ್ನು ಎಕೆ ಅಂತಲೇ ತಿಳಿಯುತ್ತಾರೆ. ಶಾಟ್‌ಗನ್ ಅಂತ ಬಾಡಿಗೆ ಕೊಟ್ಟು ಎಕೆ ತೋರಿಸುವುದಾದರೆ ಎಕೆಯನ್ನೇ ತಗೊಳ್ಳಿ, ನನ್ನ ಹತ್ತಿರ ಅಗ್ಗಕ್ಕೆ ಸಿಗುತ್ತದೆ.

ಹಳೇ ಕಾಲದ ಕಥೆಯಾದರೆ ಬ್ರೌನಿಂಗ್ ಆಟೋ-5. ಜಾನ್ ಬ್ರೌನಿಂಗ್ ಕಟ್ಟಿದ್ದು, ಬೆಲ್ಜಿಯಂನಲ್ಲಿ 1902ರಿಂದ ತಯಾರಿ. ಕೆಲಸಕ್ಕೆ ಬಂದ ಸೆಮಿ-ಆಟೋ ಶಾಟ್‌ಗನ್‌ಗಳಲ್ಲಿ ಮೊದಲನೆಯದು ಇದೇ. ಇದರಲ್ಲಿ ಗ್ಯಾಸೂ ಇಲ್ಲ, ಬೆನೆಲ್ಲಿಯ ವಿದ್ಯೆಯೂ ಇಲ್ಲ. ಈಡು ಹೊಡೆದಾಗ ನಳಿಗೆಯೇ ಬೋಲ್ಟಿನ ಜೊತೆ ಹಿಂದಕ್ಕೆ ಸರಿದು ಮತ್ತೆ ಮುಂದೆ ಬರುತ್ತದೆ. ಹಿಂಭಾಗ ಗೂನುಬೆನ್ನಿನ ಹಾಗೆ ಚೌಕಾಗಿ ಎದ್ದಿರುತ್ತದೆ. ಮರದ ಬಟ್ಟಿಗೆ ಎಣ್ಣೆ ಹಚ್ಚಿಟ್ಟರೆ ಎಸ್ಟೇಟ್ ಸಾಹುಕಾರನ ಗೋಡೆಯ ಮೇಲೆ ಏನು ಕಳೆ ಅಂತೀರಿ! ನನ್ನ ಕಪಾಟಿನಲ್ಲಿ ನನಗೆ ಇಷ್ಟದ್ದು ಇದು. ಕೇಳಿಕೊಂಡು ಬರುವವರೇ ಇಲ್ಲ.

ಇನ್ನು ಶುದ್ಧ ಪಂಪ್. ರೆಮಿಂಗ್ಟನ್ 870 ಮಾದರಿ ಎಲ್ಲ ಕಡೆ ಸಿಗುತ್ತದೆ. 1950ರಿಂದ ಇದೆ, 1 ಕೋಟಿಗೂ ಜಾಸ್ತಿ ತಯಾರಾಗಿವೆ. ನಮ್ಮಲ್ಲೂ ತಿರುಚಿರಾಪಳ್ಳಿಯ ಆರ್ಡ್‌ನೆನ್ಸ್ ಫ್ಯಾಕ್ಟರಿ 12 ಬೋರ್ ಪಂಪ್ ಗನ್ ಮಾಡುತ್ತದೆ. ಹಾಗಾಗಿ ಭಾರತದ ಕಥೆಯಲ್ಲಿ ಪಂಪ್ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಗನ್ ಯಾರ ಕೈಯಲ್ಲಿದೆ? ನಾನು ಹುಡುಗನಿಗೆ ಇದನ್ನೇ ಎರಡನೆಯದಾಗಿ ಕೇಳಿದ್ದು. ಅವನ ಹೀರೋ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವವನು, ಮಗಳನ್ನು ಎತ್ತಿಕೊಂಡು ಹೋದವರ ಬೆನ್ನು ಹತ್ತುತ್ತಾನೆ. ಲೈಸೆನ್ಸ್ ಇರುವ ಗನ್ ಅಂತ ಡೈಲಾಗ್ ಬೇರೆ. ಆಗುವುದಿಲ್ಲ ಮಾರಾಯ. 2016ರ ಶಸ್ತ್ರ ನಿಯಮಗಳ ಪ್ರಕಾರ ಸೆಮಿ-ಆಟೋ ಶಾಟ್‌ಗನ್ ಸಾಮಾನ್ಯ ಲೈಸೆನ್ಸಿಗೆ ಸಿಗುವ ವರ್ಗದಲ್ಲಿ ಇಲ್ಲ. 20 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ನೂ ಅದೇ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಎಂ4 ಎರಡೂ ಲೆಕ್ಕದಲ್ಲಿ ಹೊರಗೆ. ಹೋಟೆಲ್ ಭಟ್ಟರ ಕೈಯಲ್ಲಿ ಲೈಸೆನ್ಸ್ ಸಮೇತ ಇರಬಹುದಾದ್ದು ಜೋಡಿ ನಳಿಗೆ, ಇಲ್ಲವೇ ಉದ್ದ ನಳಿಗೆಯ ಪಂಪ್. ಎಂ4 ಬೇಕೇ ಬೇಕು ಅಂದರೆ ಅದು ಕಳ್ಳಸಾಗಣೆಯವನ ಹತ್ತಿರದಿಂದ ಕಿತ್ತುಕೊಂಡದ್ದಾಗಲಿ. ಆಗ ಕಥೆಗೂ ಒಂದು ತಿರುವು ಸಿಗುತ್ತದೆ.

ಇಸವಿಯನ್ನೂ ನೋಡಿಕೊಳ್ಳಿ. 1991ರ ಮುಂಬೈ ಗ್ಯಾಂಗುಗಳ ಕಥೆಯಲ್ಲಿ ಎಂ4 ಇಟ್ಟರೆ ಅದು ಇನ್ನೂ ಹುಟ್ಟಿಯೇ ಇರಲಿಲ್ಲ. ಸ್ಪಾಸ್, ಎಂ3 ನಡೆಯುತ್ತದೆ. ಕಾನ್‌ಸ್ಟೇಬಲ್‌ಗೆ ಇವ್ಯಾವುದೂ ಬೇಡ. 2008ರ ಉಗ್ರರ ದಾಳಿಯ ಹೊತ್ತಿಗೂ ಸಿಎಸ್‌ಟಿ ಸ್ಟೇಷನ್ನಿನಲ್ಲಿ ನಮ್ಮ ಪೊಲೀಸರ ಕೈಯಲ್ಲಿ ಇದ್ದದ್ದು .303 ರೈಫಲ್ಲು, ಲಾಠಿ.

ಗನ್ ಆರಿಸಿದ ಮೇಲೆ ಕೆಡುವುದು ಸಣ್ಣಪುಟ್ಟದರಲ್ಲಿ. ರಬ್ಬರ್ ಡಮ್ಮಿ ಒಂದು ಕಿಲೋ ಕೂಡ ತೂಗುವುದಿಲ್ಲ. ನಟ ಅದನ್ನು ಛತ್ರಿ ಹಿಡಿದ ಹಾಗೆ ಆಡಿಸುತ್ತಾನೆ. ಕ್ಯಾಮೆರಾ ಹಿಂದೆ ಇರುವವರಿಗೆ ಗೊತ್ತಾಗುವುದಿಲ್ಲ, ತೆರೆಯ ಮೇಲೆ ಥಟ್ಟಂತ ಕಾಣುತ್ತದೆ. ನಾನು ಕೆಳಗಿನ ಕೊಳವೆಯೊಳಗೆ ಮರಳು ತುಂಬಿದ ಪ್ಲಾಸ್ಟಿಕ್ ಪೈಪು ತುರುಕಿ ಕೊಡುತ್ತೇನೆ. ಒಂದು ದಿನ ಮೊದಲೇ ಕೊಟ್ಟು, ಮನೆಯಲ್ಲಿ ಅರ್ಧ ತಾಸು ಹಿಡಿದು ನಿಲ್ಲಲು ಹೇಳಿ. ಭುಜ ನೋಯಬೇಕು. ಆ ನೋವು ಮುಖದಲ್ಲಿ ಬರಲಿ.

ಖಾಲಿ ತೋಟೆಯ ಬಣ್ಣ ಇನ್ನೊಂದು. ಹಳದಿ ಬಣ್ಣ ಚೆನ್ನಾಗಿ ಕಾಣುತ್ತದೆ ಅಂತ ನೆಲದ ಮೇಲೆ ಚೆಲ್ಲುತ್ತಾರೆ. ಹಳದಿ ಸಾಮಾನ್ಯವಾಗಿ 20 ಬೋರಿಗೆ ಇಟ್ಟ ಬಣ್ಣ, ಎರಡೂ ಕಲಸಿ ಹೋಗಬಾರದು ಅಂತಲೇ ಹಾಗೆ. 12 ಬೋರಿಗೆ ಕೆಂಪು ಹಾಕಿ, ಯಾರೂ ಕೇಳುವುದಿಲ್ಲ. ನಮ್ಮ ದೇಶದ ಶಕ್ತಿಮಾನ್ 12 ಬೋರ್ ತೋಟೆ ತಯಾರಾಗುವುದು ಇಲ್ಲೇ ಪಕ್ಕದಲ್ಲಿ, ಪುಣೆಯ ಖಡಕಿ ಫ್ಯಾಕ್ಟರಿಯಲ್ಲಿ. ಆ ಫ್ಯಾಕ್ಟರಿ 1869ರದ್ದು. ಕ್ಲೋಸಪ್ಪಿನಲ್ಲಿ ತೋಟೆಯ ಡಬ್ಬಿ ತೋರಿಸುವುದಾದರೆ ಆ ಹೆಸರು ಇರಲಿ, ಅಮೆರಿಕದ ಡಬ್ಬಿ ಬೇಡ. ಮತ್ತೆ ಸೆಮಿ-ಆಟೋದಲ್ಲಿ ಖಾಲಿ ತೋಟೆ ಬೀಳುವುದು ಗನ್ನಿನ ಬಲಕ್ಕೆ. ಐದು ಈಡು ಅಂದರೆ ಐದು ತೋಟೆ, ಬಲಗಡೆ, ಸ್ವಲ್ಪ ದೂರಕ್ಕೆ. ಎಡಗಡೆ ರಾಶಿ ಹಾಕಿದ ಸೆಟ್ಟೂ ನೋಡಿದ್ದೇನೆ.

ಗೋಡೆಯ ಮೇಲೆ ತೂತು ಕೊರೆಯುವವರಿಗೂ ಒಂದು ಮಾತು. ದೊಡ್ಡ ಚರೆಯ ತೋಟೆಯಲ್ಲಿ ಸಾಮಾನ್ಯವಾಗಿ 9 ಚರೆ. ಹತ್ತು ಅಡಿ ದೂರದಲ್ಲಿ ಅದು ಅಂಗೈ ಅಗಲ ದಾಟುವುದಿಲ್ಲ. ಇಡೀ ಗೋಡೆ ಜರಡಿ ಆಗುವುದು ಸಿನಿಮಾದಲ್ಲಿ ಮಾತ್ರ. ವಿಲನ್ ಹತ್ತಡಿ ಹಿಂದಕ್ಕೆ ಹಾರುವುದೂ ಅಷ್ಟೇ. ಅವನನ್ನು ಹಾರಿಸುವಷ್ಟು ಜೋರಿದ್ದರೆ ಹೊಡೆದವನೂ ಹಾರಬೇಕಲ್ಲ!

ಬೆಂಕಿ, ಹೊಗೆ ಎಲ್ಲ ಎಡಿಟಿಂಗಿನಲ್ಲಿ ಸೇರಿಸಿಕೊಳ್ಳಿ. ಸಣ್ಣ ಬಜೆಟ್ಟಿನವರು ಖಾಲಿ ಮದ್ದು ಸಿಡಿಸುವ ಗನ್ನಿನ ಸಹವಾಸಕ್ಕೆ ಹೋಗಲೇಬೇಡಿ. 2021ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು. ಖಾಲಿ ಅಂದುಕೊಂಡ ರಿವಾಲ್ವರಿನಲ್ಲಿ ನಿಜವಾದ ಗುಂಡಿತ್ತು. ಅದು ನಮ್ಮ ಕಿರುಚಿತ್ರಗಳಿಗಿಂತ ಎಷ್ಟೋ ದೊಡ್ಡ ಬಜೆಟ್ಟಿನ ತಂಡ. ಡಮ್ಮಿಯನ್ನೂ ಯಾರ ಮುಖಕ್ಕೂ ಹಿಡಿಯಲು ನಾನು ಬಿಡುವುದಿಲ್ಲ. ಕ್ಯಾಮೆರಾ ಕೋನದಲ್ಲಿ ಹೊಂದಿಸಿಕೊಳ್ಳಿ.

ಸಾಗಿಸುವುದು ಹೇಗೆ? ಟೆಂಪೋದಲ್ಲಿ, ಡಬ್ಬಿಯೊಳಗೆ, ಪ್ರೊಡಕ್ಷನ್ ಪತ್ರದ ಜೊತೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದುಡ್ಡು ಉಳಿಸಲು ಒಂದು ಡಮ್ಮಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಲೋಕಲ್ ಹತ್ತಿದ್ದೆ. ನಳಿಗೆಯ ತುದಿ ಹೊರಗೆ ಇಣುಕುತ್ತಿತ್ತು, ನನಗೆ ಗೊತ್ತಿಲ್ಲ. ಎದುರಿಗೆ ಕೂತ ಅಜ್ಜಿ ಅದನ್ನೇ ನೋಡುತ್ತಿದ್ದರು. ಮುಂದಿನ ಸ್ಟೇಷನ್ನಿನಲ್ಲಿ ನಾಲ್ಕು ಜನ ಪೊಲೀಸರು ಕಾಯುತ್ತಿದ್ದರು. ಅದು ರಬ್ಬರು ಅಂತ ಬಗ್ಗಿಸಿ ತೋರಿಸುವಷ್ಟರಲ್ಲಿ ಶೂಟಿಂಗಿನ ಮೊದಲ ಶಿಫ್ಟ್ ಮುಗಿದಿತ್ತು. ಆವತ್ತಿನ ಕೂಲಿಯೂ ಹೋಯಿತು.

ಹುಡುಗ ಕೊನೆಗೆ ಏನು ತಗೊಂಡ ಅಂತೀರಾ? ಹೀರೋಗೆ ಜೋಡಿ ನಳಿಗೆ, ವಿಲನ್‌ಗೆ ಎಂ4. ಹೀರೋ ಎರಡು ಈಡು ಹೊಡೆದು, ಕೋವಿ ಮುರಿದು, ನಡುಗುವ ಕೈಯಲ್ಲಿ ತೋಟೆ ತುರುಕುವಾಗ ಆ ಕಡೆಯವನು ನಿಂತಲ್ಲೇ ಢಂ ಢಂ ಢಂ ಅಂತ ಹೊಡೆಯುತ್ತಾನೆ. ಸೀನ್ ಈಗ ಮೊದಲಿಗಿಂತ ಗಟ್ಟಿಯಾಗಿದೆ ಅಂತ ಅವನೇ ಹೇಳಿದ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನ ಸೌಂಡ್ ಮಾಡುವವನ ಫೋನು.

"ಅಣ್ಣ, ವಿಲನ್ ಗನ್ನಿಗೆ ಚಕ್ ಎಷ್ಟು ಸಲ ಹಾಕಲಿ?"

"ಒಮ್ಮೆ. ಅವನು ಬಲಗಡೆಯ ಕೊಕ್ಕೆ ಎಳೆಯುವಾಗ. ಆಮೇಲೆ ಖಾಲಿ ತೋಟೆ ಟೈಲ್ಸ್ ಮೇಲೆ ಬೀಳುವ ಸದ್ದು ಹಾಕು."

"ಅದು ಎಷ್ಟು?"

"ಈಡು ಎಷ್ಟೋ ಅಷ್ಟು, ಮಾರಾಯ. ಎಣಿಸಿ ಹಾಕು."